ಗಾಯ ಹೇಳಿದ್ದೊಂದು, ಕಂಡವರು ಹೇಳಿದ್ದೊಂದು

ಹುತ್ತರಿ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವ ಹೊತ್ತಿಗೆ ಒಂದು ಗುಂಡು ಹಾರಿಸುತ್ತಾರೆ. ನಮ್ಮ ಗದ್ದೆಯದ್ದಾದ ಮೇಲೆ ಪಕ್ಕದವರದ್ದು, ಆಮೇಲೆ ಹೊಳೆಯಾಚೆಯವರದ್ದು. ಕೊಡಗಿನ ಕಕ್ಕಬ್ಬೆ ಕಡೆಯ ನಮ್ಮ ಕಣಿವೆಯಲ್ಲಿ ಸ್ವಲ್ಪ ಹೊತ್ತು ಕೋವಿಯ ಸದ್ದೇ ಸದ್ದು. ಒಂದು ವರ್ಷ ಹೀಗೇ ಒಂದು ಗುಂಡು ಕೇಳಿಸಿದಾಗ, ಇದು ಯಾರ ಗದ್ದೆಯದ್ದು ಅನ್ನುವ ಮಾತು ಬಂತು. ನಾಲ್ಕು ಜನ ನಿಂತಿದ್ದೆವು, ಮೂರು ದಿಕ್ಕಿಗೆ ಕೈ ತೋರಿಸಿದೆವು. ಅರುವತ್ತು ವರ್ಷ ಕೋವಿ ಹಿಡಿದ ದೊಡ್ಡಪ್ಪನ ಅಂದಾಜೂ ತಪ್ಪಾಗಿತ್ತು. ಸದ್ದು ಎದುರಿನ ಬೆಟ್ಟಕ್ಕೆ ಬಡಿದು ವಾಪಸ್ ಬಂದಿತ್ತು, ಅಷ್ಟೇ.

2025ರ ಮಾರ್ಚ್ 18ರಂದು ಅಮೆರಿಕ ಸರ್ಕಾರ ಜಾನ್ ಎಫ್. ಕೆನಡಿ ಹತ್ಯೆಯ ಕಡತಗಳನ್ನು ಹೊರಬಿಟ್ಟಾಗ ನನಗೆ ಆ ರಾತ್ರಿಯೇ ನೆನಪಾಯಿತು. ಸಾವಿರಾರು ಪುಟ. ಮೈಸೂರಿನಲ್ಲಿ ಓದುತ್ತಿರುವ ಅಕ್ಕನ ಮಗ ಅದೇ ವಾರ ಫೋನ್ ಮಾಡಿದ್ದ. "ಮಾವ, ಎಲ್ಲಾ ಬಿಟ್ಟರಂತಲ್ಲ. ಇನ್ನಾದರೂ ಗೊತ್ತಾಗುತ್ತಾ, ಗುಂಡು ಹಿಂದಿನಿಂದ ಬಂದದ್ದಾ, ಮುಂದಿನಿಂದ ಬಂದದ್ದಾ?"

ಗೊತ್ತಾಗುವುದಿಲ್ಲ ಅಂದೆ. ಯಾಕೆಂದರೆ ಆ ಕಡತಗಳಲ್ಲಿ ಜಾಸ್ತಿ ಇರುವುದು ಗೂಢಚಾರರ ಲೋಕ: ಸಿಐಎ, ಕ್ಯೂಬಾ, ಮೆಕ್ಸಿಕೋ ನಗರ, ಯಾರು ಯಾರ ಮೇಲೆ ಕಣ್ಣಿಟ್ಟಿದ್ದರು ಅನ್ನುವುದು. ಗಾಯದ ಪ್ರಶ್ನೆಗೆ ಉತ್ತರ ಕೊಡಬೇಕಾದ ಶವಪರೀಕ್ಷೆಯ ಫೋಟೋಗಳು ಬೇರೆಯೇ ಇವೆ. ಕೆನಡಿ ಕುಟುಂಬ 1966ರಲ್ಲಿ ಅವನ್ನು ಷರತ್ತು ಹಾಕಿ ರಾಷ್ಟ್ರೀಯ ದಫ್ತರಕ್ಕೆ ಒಪ್ಪಿಸಿತು. ಆ ಷರತ್ತಿನಡಿ ಕೆಲವೇ ಕೆಲವರು ಅವನ್ನು ನೋಡಬಹುದು.

ಹುಡುಗನಿಗೆ ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಡೆದದ್ದು ಇಷ್ಟು. 1963ರ ನವೆಂಬರ್ 22, ಮಧ್ಯಾಹ್ನ 12.30. ಟೆಕ್ಸಸ್‌ನ ಡಲ್ಲಾಸ್ ನಗರದ ಡೀಲಿ ಪ್ಲಾಜಾ. ತೆರೆದ ಲಿಂಕನ್ ಕಾರಿನ ಹಿಂದಿನ ಸೀಟಿನಲ್ಲಿ ಅಧ್ಯಕ್ಷ ಕೆನಡಿ ಮತ್ತು ಪತ್ನಿ ಜಾಕ್ವೆಲಿನ್. ಕೆನಡಿಯ ಮುಂದಿನ ಸಣ್ಣ ಸೀಟಿನಲ್ಲಿ ಟೆಕ್ಸಸ್ ಗವರ್ನರ್ ಜಾನ್ ಕಾನ್ಲಿ. ಕಾರು ಪುಸ್ತಕದ ಗೋದಾಮೊಂದನ್ನು ದಾಟಿ ಇಳಿಜಾರಿನಲ್ಲಿ ಹೋಗುವಾಗ ಗುಂಡು ಹಾರಿತು. ಕೆನಡಿ ಸತ್ತರು, ಕಾನ್ಲಿ ಬದುಕಿದರು. ಗೋದಾಮಿನ ಆರನೇ ಮಹಡಿಯ ಕಿಟಕಿ ಬಳಿ ಮೂರು ಖಾಲಿ ತೋಟಾ ಸಿಕ್ಕವು. ಅದೇ ಮಹಡಿಯಲ್ಲಿ 6.5 ಮಿಲಿಮೀಟರಿನ ಇಟಲಿಯ ಕಾರ್ಕಾನೊ ರೈಫಲ್ ಸಿಕ್ಕಿತು. ಅಲ್ಲಿ ಕೆಲಸಕ್ಕಿದ್ದ ಲೀ ಹಾರ್ವೆ ಆಸ್ವಾಲ್ಡ್ ಅದೇ ದಿನ ಸಿಕ್ಕಿಬಿದ್ದ. ಎರಡು ದಿನದ ಮೇಲೆ ಪೊಲೀಸರ ಕೈಯಲ್ಲಿರುವಾಗಲೇ ಜಾಕ್ ರೂಬಿ ಅನ್ನುವವನು ಅವನನ್ನು ಗುಂಡಿಕ್ಕಿ ಕೊಂದ. ಹಾಗಾಗಿ ಈ ಕೊಲೆಯ ಸಾಕ್ಷ್ಯವನ್ನು ಕೋರ್ಟಿನಲ್ಲಿಟ್ಟು ಆರೋಪಿ ಆಸ್ವಾಲ್ಡ್ ಎದುರು ಪಾಟೀಸವಾಲು ಮಾಡುವ ಅವಕಾಶವೇ ಬರಲಿಲ್ಲ. ಇದನ್ನು ನೆನಪಿಡಿ, ಮುಂದಿನ ಗೊಂದಲಕ್ಕೆಲ್ಲ ಇದೂ ಒಂದು ಕಾರಣ.

ಈಗ ಕಿವಿಯ ಸಾಕ್ಷಿಗೆ ಬರೋಣ.

ಅಮೆರಿಕದ ಸಂಸತ್ತಿನ ಸಮಿತಿ 1970ರ ದಶಕದ ಕೊನೆಯಲ್ಲಿ ಈ ಹತ್ಯೆಯ ಬಗ್ಗೆ ಮತ್ತೆ ತನಿಖೆ ಮಾಡಿತು. ಪ್ಲಾಜಾದಲ್ಲಿದ್ದ 178 ಜನರ ಹೇಳಿಕೆಗಳನ್ನು ಒಟ್ಟು ಹಾಕಿತು. ಗುಂಡು ಎಷ್ಟು ಅನ್ನುವುದರಲ್ಲಿ ಹೆಚ್ಚಿನವರಿಗೆ ಒಮ್ಮತವಿತ್ತು. 132 ಮಂದಿ ಮೂರು ಎಂದಿದ್ದರು. ಎಲ್ಲಿಂದ ಅನ್ನುವುದಕ್ಕೆ ಬಂದಾಗ ಮಾತು ಒಡೆಯಿತು. 49 ಮಂದಿ ಗೋದಾಮಿನ ಕಡೆಯಿಂದ ಎಂದರು. 21 ಮಂದಿ ಮುಂದೆ ಬಲಕ್ಕಿದ್ದ ಹುಲ್ಲಿನ ದಿಬ್ಬದಿಂದ ಎಂದರು. 30 ಮಂದಿ ಬೇರೆ ಕಡೆ ತೋರಿಸಿದರು. 78 ಮಂದಿ ಹೇಳಲಾಗುವುದಿಲ್ಲ ಎಂದರು.

ಈ ಲೆಕ್ಕ ನೋಡಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಾವು ನಾಲ್ವರು ಗದ್ದೆಯಲ್ಲಿ ನಿಂತು ಮಾಡಿದ್ದೂ ಇದನ್ನೇ ಅಲ್ವಾ?

ರೈಫಲಿನ ಗುಂಡು ಸದ್ದಿಗಿಂತ ಬೇಗ ಓಡುತ್ತದೆ. ಕಾರ್ಕಾನೊ ಗುಂಡಿನ ವೇಗ ಸೆಕೆಂಡಿಗೆ 600 ಮೀಟರಿಗೂ ಮಿಕ್ಕಿ. ಸದ್ದಿನದ್ದು ಸುಮಾರು 340. ಹಾಗಾಗಿ ಗುಂಡು ಸಾಗುವ ದಾರಿಯ ಪಕ್ಕದಲ್ಲಿ ನಿಂತವರಿಗೆ ಮೊದಲು ಕೇಳುವುದು ಗುಂಡು ಗಾಳಿ ಸೀಳಿದ 'ಚಟ್' ಸದ್ದು. ಕೋವಿಯ ಬಾಯಿಯ 'ಢಂ' ಆಮೇಲೆ ಬರುತ್ತದೆ. ಅದರ ಹಿಂದೆ ಗೋಡೆಗಳಿಗೆ ಬಡಿದ ಮಾರ್ದನಿ. ಡೀಲಿ ಪ್ಲಾಜಾದ ಒಂದು ಪಕ್ಕ ಎತ್ತರದ ಕಟ್ಟಡಗಳು, ಇನ್ನೊಂದು ಪಕ್ಕ ರೈಲ್ವೆ ಸೇತುವೆ. ಅದೂ ಒಂದು ಕಣಿವೆಯೇ. ಅಲ್ಲಿ ನಿಂತವರಿಗೆ ಒಂದು ಗುಂಡು ಎರಡಾಗಿ ಕೇಳಿದ್ದರೆ, ಹಿಂದಿನದ್ದು ಮುಂದಿನದ್ದಾಗಿ ಕೇಳಿದ್ದರೆ ಅವರನ್ನು ಸುಳ್ಳುಗಾರರು ಅನ್ನಲಾಗದು. ಕೇಳಿದ್ದನ್ನೇ ಹೇಳಿದ್ದಾರೆ.

ಆದರೆ ಎಲ್ಲ ಕಿವಿಗೂ ಒಂದೇ ಬೆಲೆ ಕೊಡಲೂ ಆಗದು. ಅದೇ ಗೋದಾಮಿನ ಐದನೇ ಮಹಡಿಯಲ್ಲಿ, ಆ ಕಿಟಕಿಯ ನೇರ ಕೆಳಗೆ, ಮೂವರು ಕೆಲಸಗಾರರು ಮೆರವಣಿಗೆ ನೋಡುತ್ತಿದ್ದರು. ತಲೆಯ ಮೇಲೆ ರೈಫಲಿನ ಬೋಲ್ಟ್ ಎಳೆದ ಸದ್ದು, ಖಾಲಿ ತೋಟಾ ಹಲಗೆಯ ಮೇಲೆ ಬಿದ್ದ ಸದ್ದು ಕೇಳಿತು ಎಂದು ಅವರಲ್ಲೊಬ್ಬ, ಹತ್ಯೆಯ ತನಿಖೆಗೆಂದು ಸರ್ಕಾರ ಮೊದಲು ನೇಮಿಸಿದ್ದ ವಾರೆನ್ ಆಯೋಗದ ಮುಂದೆ ಹೇಳಿದ. ಕೋವಿ ಇರುವ ಮನೆಯಲ್ಲಿ ಬೆಳೆದ ನನಗೆ ಈ ಒಂದು ಮಾತು, ಬಯಲಲ್ಲಿ ನಿಂತ ಐವತ್ತು ಜನರ ಮಾತಿಗಿಂತ ಭಾರ. ತೋಟಾ ಬೀಳುವ ಸದ್ದಿಗೆ ಮಾರ್ದನಿ ಇಲ್ಲ, ಅದು ಬಿದ್ದಲ್ಲೇ ಕೇಳುತ್ತದೆ.

ಇನ್ನು ಗಾಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಗುಂಡು ಹೊಕ್ಕ ಗಾಯ ಚಿಕ್ಕದು, ಉರುಟು, ಅಂಚಿನಲ್ಲಿ ಚರ್ಮ ತರಚಿದ ಉಂಗುರ ಇರುತ್ತದೆ. ಹೊರಬಿದ್ದ ಗಾಯ ದೊಡ್ಡದು, ಹರಿದದ್ದು. ಇದು ಸಾಮಾನ್ಯ ನಿಯಮ. ಡಲ್ಲಾಸಿನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಕೆನಡಿಯ ಗಂಟಲ ಮುಂಭಾಗದಲ್ಲಿ ಡಾಕ್ಟರ್ ಮಾಲ್ಕಂ ಪೆರಿ ಕಂಡದ್ದು ಒಂದು ಪುಟ್ಟ, ಉರುಟಾದ ತೂತು. ಉಸಿರಾಟಕ್ಕೆ ಕೊಳವೆ ಹಾಕಲು ಅವರು ಅದೇ ಜಾಗವನ್ನು ಕೊಯ್ದರು. ಅದೇ ಮಧ್ಯಾಹ್ನ ಪತ್ರಕರ್ತರಿಗೆ, ಅದು ಗುಂಡು ಹೊಕ್ಕ ಗಾಯದಂತೆ ಕಾಣುತ್ತಿತ್ತು ಎಂದರು. ಗುಂಡು ಗಂಟಲಿಗೆ ಮುಂದಿನಿಂದ ಹೊಕ್ಕಿದ್ದರೆ, ಹಿಂದೆ ಆರನೇ ಮಹಡಿಯಲ್ಲಿದ್ದವನು ಅದನ್ನು ಹಾರಿಸಿರಲಾರ. ಸಂಶಯದ ಬೀಜ ಬಿದ್ದದ್ದು ಆ ಹೊತ್ತಿನಲ್ಲಿ.

ಪೆರಿಯವರದ್ದು ತಪ್ಪಾ? ಅವರು ಪ್ರಾಣ ಉಳಿಸುವ ಸರ್ಜನ್. ದೇಹವನ್ನು ಮಗುಚಿ ಬೆನ್ನು ನೋಡುವಷ್ಟು ಹೊತ್ತೂ ಅವರಿಗಿರಲಿಲ್ಲ. ಸಾಮಾನ್ಯ ನಿಯಮಕ್ಕೆ ಒಂದು ವಿನಾಯಿತಿಯೂ ಉಂಟು. ಗುಂಡು ಹೊರಬರುವ ಜಾಗದಲ್ಲಿ ಚರ್ಮವನ್ನು ಏನಾದರೂ ಬಿಗಿಯಾಗಿ ಒತ್ತಿ ಹಿಡಿದಿದ್ದರೆ, ಬೆಲ್ಟೋ, ಗೋಡೆಯೋ, ಬಿಗಿ ಕಾಲರೋ, ಆಗ ಚರ್ಮ ಹರಿಯುವುದಿಲ್ಲ. ಹೊರಬಂದ ಗಾಯವೂ ಚಿಕ್ಕದಾಗಿ, ಉರುಟಾಗಿ ಕಾಣುತ್ತದೆ. ಕೆನಡಿಯ ಗಂಟಲಲ್ಲಿ ಆ ಜಾಗದಲ್ಲಿ ಇದ್ದದ್ದು ಶರ್ಟಿನ ಕಾಲರ್ ಮತ್ತು ಟೈ ಗಂಟು.

ಚರ್ಮ ಹೀಗೆ ದಾರಿ ತಪ್ಪಿಸಬಹುದು. ಮೂಳೆ ಅಷ್ಟು ಸುಲಭಕ್ಕೆ ತಪ್ಪಿಸುವುದಿಲ್ಲ. ಕಿಟಕಿಯ ದಪ್ಪ ಗಾಜಿಗೆ ಕವಣೆಯಿಂದ ಕಲ್ಲು ಹೊಡೆದು ನೋಡಿ. ಕಲ್ಲು ತಾಗಿದ ಕಡೆ ತೂತು ಚಿಕ್ಕದು, ಆಚೆ ಬದಿಯಲ್ಲಿ ಆಲಿಕೆಯ ಬಾಯಿಯಂತೆ ಅಗಲ. ತಲೆಬುರುಡೆಯಲ್ಲೂ ಹಾಗೆಯೇ. ಗುಂಡು ಹೊಕ್ಕಲ್ಲಿ ಆಲಿಕೆ ಒಳಮುಖವಾಗಿ ತೆರೆದಿರುತ್ತದೆ, ಹೊರಬಿದ್ದಲ್ಲಿ ಹೊರಮುಖವಾಗಿ. ಕೆನಡಿಯ ಬುರುಡೆಯ ಹಿಂಭಾಗದ ತೂತು ಒಳಮುಖವಾಗಿ ಅಗಲವಾಗಿತ್ತು ಎಂದು ಶವಪರೀಕ್ಷೆ ಮಾಡಿದವರು ಹೇಳಿದರು. ಆಮೇಲೆ ಸಂಸತ್ತಿನ ಸಮಿತಿ ನೇಮಿಸಿದ ಒಂಬತ್ತು ತಜ್ಞರು ಫೋಟೋ, ಎಕ್ಸ್‌ರೇ ನೋಡಿದರು. ಎರಡು ಗುಂಡು ತಾಗಿವೆ, ಎರಡೂ ಹಿಂದಿನಿಂದ ಎಂದು ಎಂಟು ಮಂದಿ ಹೇಳಿದರು. ಸಿರಿಲ್ ವೆಕ್ಟ್ ಒಬ್ಬರು ಒಪ್ಪಲಿಲ್ಲ. ಒಂದೇ ಗುಂಡು ಇಬ್ಬರನ್ನೂ ಹೊಕ್ಕಿತು ಅನ್ನುವುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ.

ಆ 'ಒಂದೇ ಗುಂಡು' ವಾದವೇ ಎಲ್ಲಕ್ಕಿಂತ ದೊಡ್ಡ ಜಗಳ. ಕೆನಡಿಯ ಬೆನ್ನ ಮೇಲ್ಭಾಗಕ್ಕೆ ಹೊಕ್ಕ ಗುಂಡು ಗಂಟಲಿನಿಂದ ಹೊರಬಂದು, ಕಾನ್ಲಿಯ ಬೆನ್ನಿಗೆ ಹೊಕ್ಕು, ಪಕ್ಕೆಲುಬು ಮುರಿದು ಎದೆಯಿಂದ ಹೊರಬಂದು, ಬಲ ಮಣಿಕಟ್ಟಿನ ಮೂಳೆ ಒಡೆದು, ಎಡ ತೊಡೆಗೆ ತಾಗಿ ನಿಂತಿತು ಎಂಬುದು ವಾರೆನ್ ಆಯೋಗದ ತೀರ್ಮಾನ. ಆಸ್ಪತ್ರೆಯ ಸ್ಟ್ರೆಚರ್ ಒಂದರ ಮೇಲೆ ಸಿಕ್ಕಿದ ಆ ಗುಂಡಿನ ತೂಕ 158.6 ಗ್ರೇನ್, ಹತ್ತು ಗ್ರಾಮಿಗಿಂತ ಸ್ವಲ್ಪ ಜಾಸ್ತಿ. ಹೊಸ ಗುಂಡಿನ ತೂಕ 160ರಿಂದ 161 ಗ್ರೇನ್. ಇಷ್ಟೆಲ್ಲ ಒಡೆದ ಗುಂಡು ಇಷ್ಟೇ ಸವೆಯಿತಾ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಮಣಿಕಟ್ಟಿನ ಮೂಳೆಯ ಬಗ್ಗೆ ನನಗೂ ಪೂರ್ತಿ ಸಮಾಧಾನವಿಲ್ಲ.

ಆದರೆ 'ಗುಂಡು ಗಾಳಿಯಲ್ಲಿ ಬಲಕ್ಕೆ ತಿರುಗಿ ಎಡಕ್ಕೆ ತಿರುಗಿತು' ಅನ್ನುವ ಚಿತ್ರವನ್ನು ನಂಬಬೇಡಿ. ಆ ಚಿತ್ರ ಬರೆದವರು ಕಾನ್ಲಿಯನ್ನು ಕೆನಡಿಯ ನೇರ ಮುಂದೆ, ಅದೇ ಎತ್ತರದಲ್ಲಿ ಕೂರಿಸುತ್ತಾರೆ. ನಿಜವಾಗಿ ಆ ಮಡಚುವ ಸೀಟು ತಗ್ಗಿನಲ್ಲಿತ್ತು, ಕಾರಿನ ಒಳಭಾಗಕ್ಕೆ ಸರಿದಿತ್ತು. ಕಾನ್ಲಿ ಬಲಕ್ಕೆ ತಿರುಗಿದ್ದರು ಕೂಡ. ಸರಿಯಾದ ಜಾಗದಲ್ಲಿ ಕೂರಿಸಿದರೆ ಗೆರೆ ನೇರವಾಗಿಯೇ ಎಳೆಯಬಹುದು. ಕಾನ್ಲಿಯ ಬೆನ್ನಿನ ಗಾಯ ಉರುಟಾಗಿರದೆ ಉದ್ದವಾಗಿತ್ತು. ಮಧ್ಯೆ ಏನಕ್ಕೋ ತಾಗಿ ವಾಲಿದ ಗುಂಡು ಹಾಗೆ ಹೊಕ್ಕುತ್ತದೆ.

ಇದರ ವಿರುದ್ಧ ನಿಂತ ದೊಡ್ಡ ಸಾಕ್ಷಿ ಕಾನ್ಲಿಯವರೇ. ಮೊದಲ ಗುಂಡಿನ ಸದ್ದು ಕೇಳಿದೆ, ತಿರುಗಿದೆ, ಆಮೇಲೆ ನನಗೆ ತಾಗಿತು, ನನಗೆ ತಾಗಿದ್ದು ಬೇರೆ ಗುಂಡು ಎಂದು ಅವರು ಸಾಯುವವರೆಗೂ ಹೇಳಿದರು. ಪತ್ನಿ ನೆಲ್ಲಿ ಕೂಡ ಹಾಗೇ ಹೇಳಿದರು. ಗುಂಡು ತಿಂದವನ ಮಾತನ್ನು ತಳ್ಳಿಹಾಕುವುದು ಹೇಗೆ? ತಳ್ಳಿಹಾಕುವುದೂ ಬೇಡ. ಮೊದಲ ಗುಂಡು ಯಾರಿಗೂ ತಾಗದೆ ಹೋಗಿ, ಎರಡನೆಯದು ಇಬ್ಬರಿಗೂ ತಾಗಿದ್ದರೆ ಕಾನ್ಲಿ ಹೇಳಿದ್ದೂ ನಿಜ, ಗಾಯ ಹೇಳಿದ್ದೂ ನಿಜ. ಅವರು ಕೇಳಿದ್ದು ನಿಜ. ಆ ಕ್ಷಣ ಬೆನ್ನ ಹಿಂದೆ ಕೆನಡಿಗೆ ತಾಗಿತ್ತಾ ಇಲ್ಲವಾ ಅನ್ನುವುದನ್ನು ಅವರು ಕಂಡಿರಲಿಲ್ಲ. ಸಾಕ್ಷಿಯ ಮಾತಿನಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಅಂತ ಬೇರೆ ಮಾಡಿದರೆ ಎಷ್ಟೋ ಜಗಳ ಅಲ್ಲೇ ತೀರುತ್ತದೆ.

ಎಲ್ಲರೂ ನೋಡಿರುವ ಇನ್ನೊಂದು ಸಾಕ್ಷ್ಯ ಅಬ್ರಹಾಂ ಝಪ್ರೂಡರ್ ತೆಗೆದ 8 ಮಿಲಿಮೀಟರ್ ಫಿಲ್ಮು. ಅದರ 313ನೇ ಚೌಕಟ್ಟಿನಲ್ಲಿ ತಲೆಗೆ ಗುಂಡು ತಾಗುತ್ತದೆ. ಆಮೇಲೆ ತಲೆ ಹಿಂದಕ್ಕೂ ಎಡಕ್ಕೂ ವಾಲುತ್ತದೆ. 1975ರಲ್ಲಿ ಟಿವಿಯಲ್ಲಿ ಇದನ್ನು ಕಂಡ ಅಮೆರಿಕದ ಜನ ಗುಂಡು ಮುಂದಿನಿಂದಲೇ ಬಂದದ್ದು ಎಂದು ನಂಬಿದರು. ಕಣ್ಣಿಗೆ ಹಾಗೇ ಕಾಣುತ್ತದೆ, ನಿಜ. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಹತ್ತಿರದಿಂದ ನೋಡಿದವರು ಬೇರೆ ಹೇಳುತ್ತಾರೆ. ಕಾಯಿ ಸಿಡಿದಾಗ ಚೂರು, ನೀರು ಎಲ್ಲ ಕಡೆಗೂ ಚಿಮ್ಮುತ್ತದೆ. ಚಿಮ್ಮಿದ್ದನ್ನು ನೋಡಿ ಕೋವಿ ಎಲ್ಲಿತ್ತು ಎಂದು ಹೇಳಲಾಗದು. ನೊಬೆಲ್ ಪಡೆದ ಭೌತವಿಜ್ಞಾನಿ ಲೂಯಿಸ್ ಅಲ್ವರೆಜ್ ಟೇಪು ಸುತ್ತಿದ ಕರಬೂಜದ ಹಣ್ಣುಗಳಿಗೆ ರೈಫಲಿನಿಂದ ಹೊಡೆಸಿ ನೋಡಿದರು. ಹಲವು ಹಣ್ಣು ಕೋವಿಯ ಕಡೆಗೇ ಉರುಳಿದವು. ಒಳಗಿನ ತಿರುಳು ಮುಂದಕ್ಕೆ ಚಿಮ್ಮಿದ ರಭಸಕ್ಕೆ ಹಣ್ಣು ಹಿಂದಕ್ಕೆ ತಳ್ಳಲ್ಪಟ್ಟಿತ್ತು. ಬುರುಡೆ ಕರಬೂಜವಲ್ಲ ಎಂದು ಇದನ್ನು ಒಪ್ಪದವರೂ ಇದ್ದಾರೆ. ನನ್ನ ಮಟ್ಟಿಗೆ ಅದರಿಂದ ಸಿಗುವುದು ಒಂದೇ: ತಲೆ ವಾಲಿದ ದಿಕ್ಕನ್ನು ನೋಡಿ ಗುಂಡಿನ ದಿಕ್ಕು ಹೇಳಬಾರದು. ಅದಕ್ಕೆ ಮೂಳೆಯನ್ನೇ ಕೇಳಬೇಕು.

ಮೂಳೆಯನ್ನು ಸರಿಯಾಗಿ ಕೇಳಿದರಾ? ನನಗೆ ಸಿಟ್ಟು ಬರುವುದು ಇಲ್ಲಿ.

ಟೆಕ್ಸಸ್ ಕಾನೂನಿನ ಪ್ರಕಾರ ಶವಪರೀಕ್ಷೆ ಡಲ್ಲಾಸಿನಲ್ಲೇ ಆಗಬೇಕಿತ್ತು. ಅಲ್ಲಿನ ವೈದ್ಯಕೀಯ ಪರೀಕ್ಷಕ ಅರ್ಲ್ ರೋಸ್, ಆಸ್ಪತ್ರೆಯಿಂದ ಶವ ಒಯ್ಯಬಾರದು ಎಂದು ಅಡ್ಡ ನಿಂತರು. ಅಂಗರಕ್ಷಕರು ಅವರನ್ನು ದಾಟಿ ಶವಪೆಟ್ಟಿಗೆ ಒಯ್ದರು. ರಾತ್ರಿ ವಾಷಿಂಗ್ಟನ್ ಬಳಿಯ ಬೆಥೆಸ್ಡಾ ನೌಕಾ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡಿದ ಹ್ಯೂಮ್ಸ್ ಮತ್ತು ಬಾಸ್ವೆಲ್ ರೋಗ ನಿದಾನದ ವೈದ್ಯರು, ಗುಂಡೇಟಿನ ಕೇಸುಗಳಲ್ಲಿ ಪಳಗಿದವರಲ್ಲ. ಆ ಅನುಭವವಿದ್ದ ಫಿಂಕ್ ಬಂದದ್ದು ಕೆಲಸ ಶುರುವಾದ ಮೇಲೆ. ಗಂಟಲಲ್ಲಿ ಗುಂಡಿನ ಗಾಯ ಇತ್ತು ಎಂಬುದೇ ಅವರಿಗೆ ಗೊತ್ತಿರಲಿಲ್ಲ, ಅದನ್ನು ಪೆರಿ ಕೊಯ್ದಾಗಿತ್ತು. ಮರುದಿನ ಬೆಳಿಗ್ಗೆ ಹ್ಯೂಮ್ಸ್ ಡಲ್ಲಾಸಿಗೆ ಫೋನ್ ಮಾಡಿದಾಗ ತಿಳಿಯಿತು. ಅಷ್ಟರಲ್ಲಿ ಶವ ಅವರ ಕೈದಾಟಿ ಹೋಗಿತ್ತು. ಬೆನ್ನಿನಿಂದ ಗಂಟಲಿನವರೆಗೆ ಗುಂಡು ಸಾಗಿದ ದಾರಿಯನ್ನು ಯಾರೂ ಸೀಳಿ ನೋಡಲಿಲ್ಲ. ಹಾಗೆ ಮಾಡಬೇಡಿ ಎಂದು ತಮಗೆ ಹೇಳಲಾಗಿತ್ತು ಎಂದು ಫಿಂಕ್ 1969ರಲ್ಲಿ ನ್ಯೂ ಆರ್ಲಿಯನ್ಸ್ ಕೋರ್ಟಿನಲ್ಲಿ, ಸಂಚಿನ ಆರೋಪ ಹೊತ್ತ ಇನ್ನೊಬ್ಬನ ವಿಚಾರಣೆಯಲ್ಲಿ, ಸಾಕ್ಷಿ ನುಡಿದರು. ಹ್ಯೂಮ್ಸ್ ತಮ್ಮ ಕರಡನ್ನು ಮನೆಯ ಒಲೆಗೆ ಹಾಕಿ ಸುಟ್ಟರು. ತಲೆಯ ಹಿಂದಿನ ಗಾಯ ಅವರು ಬರೆದ ಜಾಗಕ್ಕಿಂತ ಸುಮಾರು 10 ಸೆಂಟಿಮೀಟರ್ ಮೇಲಿತ್ತು ಎಂದು ಆಮೇಲಿನ ತಜ್ಞರು ಹೇಳಿದರು. ಹತ್ತು ಸೆಂಟಿಮೀಟರ್ ಅಂದರೆ ಒಂದು ಅಂಗೈ ಅಗಲ! ಕಾಪಾಡಿ ಇಡಬೇಕಾಗಿದ್ದ ಮೆದುಳು 1966ರಲ್ಲಿ ದಫ್ತರದಲ್ಲಿ ಲೆಕ್ಕ ನೋಡುವಾಗ ಕಾಣೆಯಾಗಿತ್ತು.

ಆಯೋಗವೂ ಹಿಂದೆ ಬೀಳಲಿಲ್ಲ. ಅದರ ಸದಸ್ಯ, ಆಮೇಲೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್, ಕರಡು ವರದಿಯಲ್ಲಿ ಗುಂಡು 'ಬೆನ್ನಿಗೆ' ಹೊಕ್ಕಿತು ಎಂದಿದ್ದುದನ್ನು 'ಕುತ್ತಿಗೆಯ ಹಿಂಭಾಗಕ್ಕೆ' ಎಂದು ತಿದ್ದಿದ್ದರು. ಸ್ಪಷ್ಟವಾಗಲಿ ಎಂದು ತಿದ್ದಿದೆ ಅಂದರು. ಅದು ಹೊರಬಂದದ್ದು 1997ರಲ್ಲಿ. ಗಾಯ ಇದ್ದ ಜಾಗವನ್ನು ಪೆನ್ನಿನಿಂದ ಸರಿಸಿದರೆ ಜನ ನಂಬುವುದು ಹೇಗೆ?

ನನ್ನ ಅಭಿಪ್ರಾಯ ಕೇಳಿದರೆ, ತಾಗಿದ ಗುಂಡುಗಳೆಲ್ಲ ಹಿಂದಿನಿಂದಲೇ ಬಂದವು. ಇಲ್ಲೊಂದು ಸಂಗತಿ ಎಷ್ಟೋ ಜನರಿಗೆ ಗೊತ್ತಿಲ್ಲ. ಸಂಸತ್ತಿನ ಸಮಿತಿ 1979ರಲ್ಲಿ 'ಬಹುಶಃ ಸಂಚು ಇತ್ತು' ಎಂದಿತು. ಪೊಲೀಸ್ ರೇಡಿಯೋದ ಧ್ವನಿಮುದ್ರಿಕೆಯಲ್ಲಿ ನಾಲ್ಕನೇ ಗುಂಡು, ಹುಲ್ಲಿನ ದಿಬ್ಬದಿಂದ ಹಾರಿದ್ದು, ಕೇಳುತ್ತದೆ ಎನ್ನುವುದು ಅದರ ಆಧಾರ. ಆ ಸಮಿತಿ ಕೂಡ, ದಿಬ್ಬದ ಗುಂಡು ಯಾರಿಗೂ ತಾಗಲಿಲ್ಲ ಎಂದೇ ಹೇಳಿತು. ಆ ಧ್ವನಿ ವಿಶ್ಲೇಷಣೆಯನ್ನೂ 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ತಜ್ಞರು ತಳ್ಳಿಹಾಕಿದರು. ಆಸ್ವಾಲ್ಡ್ ಹಿಂದೆ ಯಾರಾದರೂ ಇದ್ದರಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಗಾಯ ಉತ್ತರ ಕೊಡುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಸೇರಿಸಿ ಕಲಸಿದ್ದರಿಂದಲೇ ಅರುವತ್ತು ವರ್ಷದ ಗಲಾಟೆ.

2023ರಲ್ಲಿ ಇನ್ನೊಬ್ಬ ಸಾಕ್ಷಿ ಬಾಯಿ ತೆರೆದರು. ಅಂದು ಹಿಂದಿನ ಕಾರಿನಲ್ಲಿದ್ದ ಅಂಗರಕ್ಷಕ ಪಾಲ್ ಲ್ಯಾಂಡಿಸ್. ಆಸ್ಪತ್ರೆಯ ಸ್ಟ್ರೆಚರಿನ ಮೇಲೆ ಸಿಕ್ಕಿದ ಆ ಗುಂಡನ್ನು ಕೆನಡಿ ಕಾರಿನ ಹಿಂದಿನ ಸೀಟಿನ ಮೇಲುಭಾಗದಲ್ಲಿ ನಾನೇ ಕಂಡೆ, ಕಿಸೆಗೆ ಹಾಕಿಕೊಂಡು ಹೋಗಿ ಕೆನಡಿಯ ಸ್ಟ್ರೆಚರಿನ ಮೇಲಿಟ್ಟೆ ಎಂದರು. ನಿಜವಾದರೆ ಆ ಗುಂಡು ಕಾನ್ಲಿಗೆ ತಾಗಿಯೇ ಇಲ್ಲ, 'ಒಂದೇ ಗುಂಡು' ವಾದ ಕುಸಿಯುತ್ತದೆ. ಆದರೆ 1963ರಲ್ಲಿ ಅವರು ಬರೆದುಕೊಟ್ಟ ಹೇಳಿಕೆಗಳಲ್ಲಿ ಈ ಮಾತಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗನಿಸುವುದಿಲ್ಲ. ಆದರೂ ಅರುವತ್ತು ವರ್ಷ ಒಬ್ಬರ ಮನಸ್ಸಿನಲ್ಲೇ ಉಳಿದ ನೆನಪನ್ನು, ಅದೇ ವಾರ ಕಾಗದಕ್ಕೆ ಇಳಿದ ಮಾತಿನ ಮೇಲೆ ಇಡಲಾಗದು.

ಹುಡುಗ ಕೇಳಿದ್ದ, ನಮ್ಮ ಕೋರ್ಟುಗಳಲ್ಲಿ ಏನು ಮಾಡುತ್ತಾರೆ ಅಂತ. ನಮ್ಮಲ್ಲಿ ಕಣ್ಣಾರೆ ಕಂಡವರ ಮಾತಿಗೇ ಮೊದಲ ಮಣೆ. ಡಾಕ್ಟರ ವರದಿ ಆ ಮಾತನ್ನು ಪೂರ್ತಿ ಅಸಾಧ್ಯ ಎಂದು ತೋರಿಸಿದರೆ ಮಾತ್ರ ಸಾಕ್ಷಿಯನ್ನು ನಂಬದೆ ಇರಬಹುದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಮತ್ತೆ ಸ್ಪಷ್ಟಪಡಿಸಿತು. ಕೇಳಲು ಸರಳ. ಗಾಯವನ್ನು ಮೊದಲ ದಿನವೇ ಸರಿಯಾಗಿ ಬರೆದಿಟ್ಟಿದ್ದರೆ ತಾನೇ ಅದು 'ಅಸಾಧ್ಯ' ಎಂದು ಹೇಳಲು ಆಗುವುದು?

ಗಾಂಧೀಜಿ ವಿಷಯದಲ್ಲೂ ಇದೇ ಆಯಿತು. 1948ರ ಜನವರಿ 30ರಂದು ಬಿರ್ಲಾ ಭವನದಲ್ಲಿ ಎಷ್ಟೋ ಜನರ ಎದುರೇ ಗೋಡ್ಸೆ ಬೆರೆಟ್ಟಾ ಪಿಸ್ತೂಲಿನಿಂದ ಮೂರು ಗುಂಡು ಹೊಡೆದ, ಒಪ್ಪಿಕೊಂಡ. ಆದರೆ ಪೂರ್ತಿ ಶವಪರೀಕ್ಷೆ ಆಗಲಿಲ್ಲ. ಸುಮಾರು ಎಪ್ಪತ್ತು ವರ್ಷದ ಮೇಲೆ, ನಾಲ್ಕನೇ ಗುಂಡು ಇತ್ತು, ಇನ್ನೊಬ್ಬ ಕೊಲೆಗಾರನಿದ್ದ ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಬಂತು. ಅದಕ್ಕೆ ಆಧಾರವಿಲ್ಲ ಎಂದು ಕೋರ್ಟ್ 2018ರ ಮಾರ್ಚಿನಲ್ಲಿ ಅರ್ಜಿ ವಜಾ ಮಾಡಿತು.

ನಮ್ಮ ರಾಜ್ಯದಲ್ಲೇ ಬೇರೆ ರೀತಿ ನಡೆದದ್ದೂ ಇದೆ. ಅದಕ್ಕೆ ಖಾಲಿ ತೋಟಾದ ಬಗ್ಗೆ ಸ್ವಲ್ಪ ಹೇಳಬೇಕು. ಕೊಡಗಿನ ಮನೆಗಳಲ್ಲಿ ಜಾಸ್ತಿ ಇರುವ ಒಂಟಿ ನಳಿಗೆ, ಜೋಡು ನಳಿಗೆ ಕೋವಿಗಳ ಒಳಗೆ ನಯವಾಗಿರುತ್ತದೆ. ಅದರಿಂದ ಹಾರಿದ ಚರೆಯನ್ನು ನೋಡಿ ಯಾವ ಕೋವಿಯದ್ದು ಎಂದು ಹೇಳಲಾಗದು. ರೈಫಲ್, ಪಿಸ್ತೂಲುಗಳ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ, ಅವು ಗುಂಡಿನ ಮೈಮೇಲೆ ಅಚ್ಚಾಗುತ್ತವೆ. ಖಾಲಿ ತೋಟಾ ಮಾತ್ರ ಯಾವ ಕೋವಿಯದ್ದಾದರೂ ಸುಳಿವು ಕೊಡುತ್ತದೆ. ಅದರ ತಳಕ್ಕೆ ಸುತ್ತಿಗೆ ಮುಳ್ಳು ಬಡಿದ ಗುರುತು ಒಂದೊಂದು ಕೋವಿಗೆ ಒಂದೊಂದು ಥರ. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಮನೆ ಬಾಗಿಲಲ್ಲೇ ಕೊಂದರು. ಎರಡೂ ಕಡೆ ಸಿಕ್ಕ ಗುಂಡು, ತೋಟಾಗಳನ್ನು ಹೋಲಿಸಿ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ತಜ್ಞರು, ಒಂದೇ 7.65 ಮಿಲಿಮೀಟರ್ ನಾಡ ಪಿಸ್ತೂಲಿನಿಂದ ಹಾರಿದವು ಎಂದರು. ಎರಡು ಊರು, ಎರಡು ವರ್ಷದ ಅಂತರ. ಎರಡು ಕೊಲೆಗಳನ್ನೂ ಒಟ್ಟಿಗೆ ಕಂಡ ಒಬ್ಬ ಸಾಕ್ಷಿಯಾದರೂ ಇರಲಿಲ್ಲ. ಅವನ್ನು ಒಂದೇ ದಾರದಲ್ಲಿ ಪೋಣಿಸಿದ್ದು, ನೆಲದಿಂದ ಹೆಕ್ಕಿ, ಚೀಟಿ ಅಂಟಿಸಿ, ಜೋಪಾನವಾಗಿ ಇಟ್ಟ ಬೆರಳ ತುದಿಯಷ್ಟು ಲೋಹ.

ಗೌರಿ ಪ್ರಕರಣದ ಸಾಕ್ಷಿಗಳು ಕಟಕಟೆ ಹತ್ತಲು ಶುರುಮಾಡಿದ್ದು 2022ರ ಜುಲೈನಲ್ಲಿ, ಕೊಲೆಯಾಗಿ ಹತ್ತಿರ ಹತ್ತಿರ ಐದು ವರ್ಷದ ಮೇಲೆ. ಆ ಕತ್ತಲಲ್ಲಿ ಕಂಡದ್ದನ್ನು, ಕೇಳಿದ್ದನ್ನು ಅವರು ಐದು ವರ್ಷ ನೆನಪಿಟ್ಟುಕೊಂಡು ಬಂದು ಹೇಳಬೇಕಾಯಿತು. ತೋಟಾದ ತಳದ ಗುರುತು ಮಾತ್ರ ಮೊದಲ ರಾತ್ರಿ ಹೇಗಿತ್ತೋ ಹಾಗೇ ಇತ್ತು.